ಹತ್ತು ಜನ ಮೆಚ್ಚಬೇಕು

“ಹತ್ತು ಜನ ಮೆಚ್ಚುವ ಹಾಗೆ ಬಾಳಬೇಕು” ಎಂದು ಮಕ್ಕಳಿಗೆ ಎಳವೆಯಿಂದಲೂ ಉಪದೇಶಿಸುವವರು ಹಿರಿಯರೇ. ಆ ಮಗು ಹದಿಮೂರನೆಯ ವಯಸ್ಸಿಗೆ ಕಾಲಿಟ್ಟು ಆ ಮಾತನ್ನು ಅಕ್ಷರಶಃ ಪಾಲಿಸತೊಡಗಿದಾಗ ಬೆಚ್ಚಿಬೀಳುವವರೂ ಅವರೇ. ಏಕೆಂದರೆ ಮಗುವಿನ ಲೆಕ್ಕದ ಹತ್ತು ಜನರಲ್ಲಿ ತಂದೆಯಿಲ್ಲ, ತಾಯಿಯಿಲ್ಲ, ಮೇಷ್ಟ್ರಂತೂ ಇಲ್ಲವೇ ಇಲ್ಲ. ಆ ಹತ್ತು ಮಂದಿಯೂ ತರಗತಿಯ ಕೊನೆಯ ಎರಡು ಬೆಂಚುಗಳಲ್ಲಿ ಕುಳಿತಿರುತ್ತಾರೆ.

ಅವರ ಮೆಚ್ಚುಗೆಗೆ ತೆರಬೇಕಾದ ಸುಂಕ ಸಣ್ಣದಲ್ಲ. ಉತ್ತರ ಬಲ್ಲ ಹುಡುಗಿ ಕೈಯೆತ್ತದೆ ಸುಮ್ಮನೆ ಕುಳಿತಿರುತ್ತಾಳೆ. ಎತ್ತಿದರೆ ‘ಮೇಡಮ್ಮಿನ ಬಾಲ’ ಎಂಬ ಬಿರುದು ಕಾದಿದೆ. ಅಜ್ಜಿ ಕಟ್ಟಿಕೊಟ್ಟ ರಾಗಿರೊಟ್ಟಿ ಡಬ್ಬಿಯಲ್ಲೇ ಉಳಿದು ಸಂಜೆ ಮನೆಗೆ ಮರಳುತ್ತದೆ. ಏಳನೆಯ ತರಗತಿಯವರೆಗೆ ಪಕ್ಕದಲ್ಲೇ ಕುಳಿತಿದ್ದ ಗೆಳೆಯ, ಗುಂಪಿಗೆ ಬೇಡವಾದವನೆಂಬ ಒಂದೇ ಕಾರಣಕ್ಕೆ, ಎಂಟನೆಯದರಲ್ಲಿ ಅಪರಿಚಿತನಾಗುತ್ತಾನೆ. ಎಲ್ಲಕ್ಕಿಂತ ದುಬಾರಿಯಾದದ್ದು ಈ ಕೊನೆಯದು. ಆದರೆ ಅದು ಯಾವ ಅಂಕಪಟ್ಟಿಯಲ್ಲಿಯೂ ಕಾಣದು; ಮನೆಯವರ ಗಮನಕ್ಕೂ ಬಾರದು.

ತರಗತಿಯೊಳಗಿನ ಈ ಕಣ್ಣಿಗೆ ಕಾಣದ ಲೋಕಕ್ಕೆ ನಕಾಶೆ ಬರೆಯಲು ಹೊರಟವನು ಜೇಕಬ್ ಮೊರೆನೊ ಎಂಬ ವೈದ್ಯ. ವಿಯೆನ್ನಾದಲ್ಲಿ ಕಲಿತು ಅಮೆರಿಕೆಯಲ್ಲಿ ನೆಲೆಸಿದ ಈತ, ಬ್ರೂಕ್ಲಿನ್ನಿನ ಶಾಲೆಯೊಂದರ ಮಕ್ಕಳನ್ನು ಕೇಳಿಸಿದ್ದು ಬಹು ಸರಳವಾದ ಪ್ರಶ್ನೆ: ನಿನ್ನ ಪಕ್ಕದಲ್ಲಿ ಯಾರು ಕುಳಿತರೆ ನಿನಗೆ ಇಷ್ಟ? ಒಂದೊಂದು ಮಗುವಿಗೂ ಒಂದೊಂದು ಗುರುತಿಟ್ಟು, ಆರಿಸಿದವರಿಂದ ಆಯ್ಕೆಯಾದವರತ್ತ ಗೆರೆ ಎಳೆದ. 1934ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಆ ಚಿತ್ರಗಳಿವೆ. ಕೆಲವು ಗುರುತುಗಳಿಗೆ ಗೆರೆಗಳು ನಾಲ್ಕೂ ದಿಕ್ಕಿನಿಂದ ಬಂದು ಮುತ್ತಿವೆ, ಅವರು ‘ತಾರೆ’ಗಳು. ಕೆಲವಕ್ಕೆ ಒಂದೇ ಒಂದು ಗೆರೆಯೂ ಬಂದಿಲ್ಲ. ತುಂಬಿದ ತರಗತಿಯಲ್ಲಿ ಕುಳಿತಿದ್ದೂ ಆ ಮಗು ಒಂಟಿ.

ಮುಂದೆ ಬಂದ ವಿದ್ವಾಂಸರು ಮಕ್ಕಳನ್ನು ಎರಡು ಪ್ರಶ್ನೆ ಕೇಳಿದರು. ನಿನಗೆ ಇಷ್ಟವಾದವರು ಯಾರು? ನಿಮ್ಮಲ್ಲಿ ಜನಪ್ರಿಯರು ಯಾರು? ಎರಡಕ್ಕೂ ಉತ್ತರ ಒಂದೇ ಇದ್ದೀತೆಂದು ಯಾರಿಗಾದರೂ ತೋರೀತು. ಪಾರ್ಕ್‌ಹರ್ಸ್ಟ್ ಮತ್ತು ಹಾಪ್‌ಮೇಯರ್ ಎಂಬಿಬ್ಬರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗಾಗಲಿಲ್ಲ. ಜನಪ್ರಿಯರೆಂದು ಎಲ್ಲರೂ ಬೆರಳು ತೋರಿದ ಅನೇಕರು, ಇಷ್ಟವಾದವರ ಪಟ್ಟಿಯಲ್ಲಿ ಮುಂದಿರಲಿಲ್ಲ. ಅಂಥವರನ್ನು ಸಹಪಾಠಿಗಳು ವರ್ಣಿಸಿದ್ದು ದರ್ಪದವರು, ಜಂಬದವರು ಎಂದು. ನಿಜವಾಗಿ ಇಷ್ಟವಾದವರನ್ನು ವರ್ಣಿಸಿದ್ದು ದಯೆಯುಳ್ಳವರು, ನಂಬಿಕೆಗೆ ತಕ್ಕವರು ಎಂದು. ‘ಜನಪ್ರಿಯ’ ಎಂಬ ಪದವನ್ನು ವ್ಯಾಕರಣದ ಮೇಷ್ಟ್ರು ‘ಜನರಿಗೆ ಪ್ರಿಯನಾದವನು’ ಎಂದು ಬಿಡಿಸಿ ಮುಂದಿನ ಸಮಾಸಕ್ಕೆ ಹೋಗುತ್ತಾರೆ. ಶಾಲೆಯ ಅಂಗಳದಲ್ಲಿ ಅದರ ಅರ್ಥ, ಎಷ್ಟೋ ವೇಳೆ, ಜನ ಅಂಜುವವನು ಎಂದೇ.

ಈ ಪಟ್ಟದ ಆಯುಷ್ಯವೂ ಹೆಚ್ಚಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಜೋಸೆಫ್ ಆಲನ್ ಮತ್ತು ಸಂಗಡಿಗರು 184 ಮಂದಿಯನ್ನು ಹದಿಮೂರರಿಂದ ಇಪ್ಪತ್ತಮೂರರ ವಯಸ್ಸಿನವರೆಗೆ ಬಿಡದೆ ಗಮನಿಸಿದರು. ಹದಿಮೂರಕ್ಕೇ ಪ್ರಣಯ, ಪುಂಡಾಟ, ಚೆಲುವಾದವರ ಸಹವಾಸ ಎಂದು ದೊಡ್ಡವರಂತೆ ಮೆರೆದವರು ಆಗ ಗೆಳೆಯರ ಕಣ್ಣಿಗೆ ದೊಡ್ಡವರಾಗಿಯೇ ಕಂಡರು. ಇಪ್ಪತ್ತು ದಾಟುವ ಹೊತ್ತಿಗೆ ಆ ಮೆರುಗು ಇಳಿದಿತ್ತು. ಕುಡಿತವೇ ಮೊದಲಾದ ತೊಂದರೆಗಳೂ ಅವರಲ್ಲಿ ಹೆಚ್ಚಾಗಿದ್ದವು. ಈ ವರದಿ ಹೊರಬಂದದ್ದು 2014ರಲ್ಲಿ.

ಇದನ್ನು ಹದಿಮೂರರ ಹುಡುಗನಿಗೆ ಓದಿಹೇಳಿದರೆ ಫಲವುಂಟೆ? ಇಲ್ಲವೆನ್ನಬೇಕು. ಅವನಿಗೆ ಬೇಕಾದದ್ದು ನಾಳೆಯ ಮಧ್ಯಾಹ್ನ ಊಟಕ್ಕೆ ಜೊತೆ; ಹತ್ತು ವರ್ಷದ ಮೇಲಿನ ಮಾತು ಅವನಿಗೆ ಪುರಾಣ. “ಅವರ ಗೊಡವೆ ನಿನಗೇಕೋ, ನಿನ್ನ ಪಾಡಿಗೆ ನೀನಿರು” ಎನ್ನುವ ತಂದೆಯ ಮಾತೂ ಅಷ್ಟೆ. ನಾಲ್ಕು ಜನ ಏನೆಂದಾರೋ ಎಂದು ಮಗಳ ಮದುವೆಗೆ ಸಾಲ ಮಾಡಿದ ಮನುಷ್ಯನಿಂದ ಆ ಉಪದೇಶ ಬಂದರೆ ಹುಡುಗ ನಗದೆ ಇದ್ದಾನೆಯೆ? ಹಿಂದೆ ಶಾಲೆಯ ಗಂಟೆ ಹೊಡೆದೊಡನೆ ಈ ಲೆಕ್ಕಾಚಾರ ನಿಲ್ಲುತ್ತಿತ್ತು. ಈಗ ಫೋನು ಅದನ್ನು ಮಲಗುವ ಕೋಣೆಗೂ ತಂದಿದೆ. ಯಾರ ಚಿತ್ರಕ್ಕೆ ಎಷ್ಟು ಮೆಚ್ಚುಗೆ ಬಿತ್ತೆಂಬುದಕ್ಕೆ ಅಂಕಿಯೇ ಇದೆ. ಆ ಅಂಕಿಯನ್ನು ಮರೆಮಾಡುವ ಅನುಕೂಲವನ್ನು ಇನ್‌ಸ್ಟಾಗ್ರಾಂ 2021ರಲ್ಲಿ ಒದಗಿಸಿತು. ಮರೆಮಾಡಿದವನಿಗೆ ಮುಚ್ಚಿಡಲು ಏನೋ ಇದೆಯೆಂದು ಗುಂಪು ಊಹಿಸದಿದ್ದರೆ ಒಳ್ಳೆಯದೇ.

ಮೇಷ್ಟ್ರುಗಳ ಕೈಯಲ್ಲಿರುವುದು ಸಣ್ಣ ಸಂಗತಿಗಳು. ಆಟದ ಪೀರಿಯಡ್ಡನ್ನೇ ನೋಡಬಹುದು. ಇಬ್ಬರು ನಾಯಕರನ್ನು ಕರೆದು “ನಿಮ್ಮ ನಿಮ್ಮವರನ್ನು ಆರಿಸಿಕೊಳ್ಳಿ” ಎನ್ನುವುದು ಹಳೆಯ ರೂಢಿ. ಒಬ್ಬೊಬ್ಬರ ಹೆಸರೂ ಕೂಗಿ, ಕಡೆಗೆ ಒಬ್ಬ ಉಳಿಯುತ್ತಾನೆ. ಅವನು ಬೂಟಿನ ದಾರ ಬಿಗಿದಿದ್ದರೂ ಬಗ್ಗಿ ಮತ್ತೊಮ್ಮೆ ಕಟ್ಟಿಕೊಳ್ಳುತ್ತಾನೆ. “ಇವನನ್ನು ನೀವೇ ಇಟ್ಟುಕೊಳ್ಳಿರೋ” ಎಂದು ಇಬ್ಬರು ನಾಯಕರೂ ಚೌಕಾಶಿ ಮಾಡುವುದು ಅವನಿಗೆ ಕೇಳಿಸುತ್ತಲೇ ಇರುತ್ತದೆ. ವಾರಕ್ಕೆ ಎರಡು ಸಲ, ವರ್ಷವಿಡೀ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಎಂದು ಎಣಿಸಿ ಪಕ್ಷ ಕಟ್ಟುವ ಮೇಷ್ಟ್ರುಗಳೂ ಇದ್ದಾರೆ. ಅದಕ್ಕೆ ಬೇಕಾಗುವುದು ಅರ್ಧ ನಿಮಿಷ.