ಹಾಜರಿ ಇದೆ, ವಿದ್ಯಾರ್ಥಿ ಎಲ್ಲಿ?

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ವಿಶ್ವವಿದ್ಯಾಲಯಗಳ ಬಾಗಿಲು ತೆರೆದು ವರ್ಷಗಳೇ ಉರುಳಿವೆ. ಅಂದು ಅನಿವಾರ್ಯವಾಗಿ ಒಳಬಂದ ಆನ್‌ಲೈನ್ ಪಾಠ ಮಾತ್ರ ಹೊರಹೋಗಿಲ್ಲ. ಯುಜಿಸಿ 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಮಿಶ್ರ ಕಲಿಕೆಯ ಪರಿಕಲ್ಪನಾ ಟಿಪ್ಪಣಿಯು ಪ್ರತಿ ವಿಷಯದ ಶೇ 40ರಷ್ಟು ಭಾಗವನ್ನು ಆನ್‌ಲೈನ್ ಮೂಲಕ, ಉಳಿದ ಶೇ 60ನ್ನು ತರಗತಿಯಲ್ಲಿ ಬೋಧಿಸಬಹುದೆಂದು ಹೇಳಿತು. ಅದೇ ವರ್ಷ ‘ಸ್ವಯಂ’ ವೇದಿಕೆಯ ಮೂಲಕ ಪಡೆಯಬಹುದಾದ ಕ್ರೆಡಿಟ್‌ಗಳ ಮಿತಿಯೂ ಶೇ 20ರಿಂದ 40ಕ್ಕೇರಿತು.

ಶೇಕಡಾವಾರು ಲೆಕ್ಕ ಸ್ಪಷ್ಟವಾಗಿದೆ. ಆದರೆ ಆ ಅವಧಿಯಲ್ಲಿ ವಿದ್ಯಾರ್ಥಿ ಕಲಿಕೆಯಲ್ಲಿ ನಿಜಕ್ಕೂ ತೊಡಗಿದ್ದಾನೆಯೇ ಎಂಬುದನ್ನು ಯಾವ ಲೆಕ್ಕವೂ ಹೇಳದು. ಲಾಗಿನ್ ಆದರೆ ಹಾಜರಿ ಬೀಳುತ್ತದೆ; ಕ್ಯಾಮೆರಾ, ಮೈಕ್ ಮುಚ್ಚಿದ ಮೇಲೆ ಉಳಿಯುವುದು ಪರದೆಯ ಮೇಲಿನ ಹೆಸರು ಮಾತ್ರ. ಕಡ್ಡಾಯ ಹಾಜರಿಯ ಶೇ 75 ತುಂಬಿದರೂ ಪ್ರಶ್ನೆ ಕೇಳಿದವರು ನಾಲ್ಕೇ ಮಂದಿ ಇರಬಹುದು.

ಮೌನಕ್ಕೆ ಕಾರಣ

ಇದಕ್ಕೆ ವಿದ್ಯಾರ್ಥಿಯ ಉದಾಸೀನವನ್ನಷ್ಟೇ ದೂರುವುದು ಸುಲಭ, ಆದರೆ ನ್ಯಾಯವಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2017-18ರಲ್ಲಿ ಕಂಪ್ಯೂಟರ್ ಹೊಂದಿದ್ದ ಕುಟುಂಬಗಳು ನಗರಗಳಲ್ಲಿ ಶೇ 23.4, ಗ್ರಾಮಗಳಲ್ಲಿ ಕೇವಲ ಶೇ 4.4. ಆ ಬಳಿಕ ಮೊಬೈಲ್ ವ್ಯಾಪಿಸಿದೆ. ರಾಜ್ಯ ಸರ್ಕಾರವೂ 2021ರಲ್ಲಿ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸಿತು. ಆದರೆ ಸಾಧನ ಕೈಸೇರಿದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ವಿಡಿಯೊ ಪಾಠದ ನಡುವೆ ಕೈಯೆತ್ತಿ ‘ಅರ್ಥವಾಗಲಿಲ್ಲ’ ಎನ್ನಲು ಅವಕಾಶವೇ ಇರುವುದಿಲ್ಲ.

ಅಧ್ಯಾಪಕರ ಸ್ಥಿತಿಯೂ ಭಿನ್ನವಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರನ್ನೇ ಅವಲಂಬಿಸಿವೆ. ಸೇವಾ ಭದ್ರತೆಗಾಗಿ ಅವರು 2023ರ ಕೊನೆಯಲ್ಲಿ ದೀರ್ಘ ಮುಷ್ಕರ ಹೂಡಿದ್ದು ನೆನಪಿರಬಹುದು. ಕಾರ್ಯಭಾರವನ್ನು ವಾರದ ಬೋಧನಾ ಗಂಟೆಗಳಲ್ಲಿ ಅಳೆಯುವ ವ್ಯವಸ್ಥೆಯಲ್ಲಿ ರಾತ್ರಿ ಬರುವ ಸಂದೇಹಕ್ಕೆ ಉತ್ತರಿಸುವ, ಕಿರುಪರೀಕ್ಷೆ ತಿದ್ದುವ ಶ್ರಮ ಯಾರ ಲೆಕ್ಕಕ್ಕೆ? ವಿದ್ಯಾರ್ಥಿಯನ್ನು ಪಾಠಕ್ಕೆ ಹಿಡಿದಿಡುವುದು ಈ ಕೆಲಸವೇ ಎಂಬುದು ಗಮನಾರ್ಹ.

ಪರಿಹಾರ ತೀರಾ ದುಬಾರಿಯದ್ದೇನಲ್ಲ. ಕೇಳುವ ಪಾಠ ಮನೆಯಲ್ಲಿ ನಡೆಯಲಿ, ತರಗತಿಯ ಅವಧಿ ಚರ್ಚೆಗೆ ಮೀಸಲಾಗಲಿ. ಹಾಜರಿಯ ಬದಲು ವಾರದ ಸಣ್ಣ ಅಭ್ಯಾಸಗಳಿಗೆ ಆಂತರಿಕ ಅಂಕ ಸಿಗಲಿ. ಅಧ್ಯಾಪಕರು ಉತ್ತರಿಸುವ ಸಮಯವೂ ಕಾರ್ಯಭಾರವೆನಿಸಲಿ. ಇಲ್ಲವಾದರೆ ಆನ್‌ಲೈನ್‌ಗೆ ಬಿಟ್ಟುಕೊಟ್ಟ ಆ ಶೇ 40, ಪದವಿಯಲ್ಲಿ ಕಲಿಯದೆ ಉಳಿದ ಭಾಗವಾದೀತು. ಅದರ ನಷ್ಟ ಮೊದಲು ತಟ್ಟುವುದು ಮನೆಯಲ್ಲಿ ಹೇಳಿಕೊಡುವವರಿಲ್ಲದ, ಮೊದಲ ತಲೆಮಾರಿನ ಪದವೀಧರರಿಗೆ.