ಬಿಸುಡುವ ಕೈಗೂ ವ್ರತವುಂಟು

ಅಜಿಲ ಅರಸುಮನೆತನದ ಅಳದಂಗಡಿಯಿಂದ ನಾರಾವಿಯತ್ತ ಸಾಗುವಾಗ ರಸ್ತೆಯಂಚಿನ ಪೊದೆಗಳಲ್ಲಿ ಬಿಗಿದು ಕಟ್ಟಿದ ಕಸದ ಚೀಲಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಅವನ್ನು ಎಸೆದವರು ಶುಚಿತ್ವವನ್ನು ಅರಿಯದವರಲ್ಲ. ತಮ್ಮ ಮನೆ ಶುಚಿಯಾಗಿರಲೆಂದೇ ಕಸವನ್ನು ಕಟ್ಟಿ ತಂದು, ಯಾರೂ ಕಾಣದ ತಿರುವಿನಲ್ಲಿ ಬಿಸುಟವರು.

ಸರಕಾರದ ಪ್ರಯತ್ನಗಳಿಗೆ ಕೊರತೆಯಿಲ್ಲ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾಯಿತು. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿದವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ನಮ್ಮ ಜಿಲ್ಲೆಯ ಗ್ರಾಮ ಪಂಚಾಯತುಗಳಲ್ಲಿ ‘ಸ್ವಚ್ಛ ವಾಹಿನಿ’ಗಳು ಓಡಾಡುತ್ತಿವೆ, ಸ್ವಸಹಾಯ ಸಂಘಗಳ ಮಹಿಳೆಯರು ಒಣ ಕಸವನ್ನು ಕೈಯಾರೆ ವಿಂಗಡಿಸುತ್ತಿದ್ದಾರೆ. ಮಂಗಳೂರಿನ ರಾಮಕೃಷ್ಣ ಮಿಷನ್ ವರ್ಷಗಳ ಕಾಲ ಸ್ವಚ್ಛತಾ ಶ್ರಮದಾನ ನಡೆಸಿದೆ. ಧರ್ಮಸ್ಥಳದ ಪ್ರೇರಣೆಯಿಂದ ಮಕರ ಸಂಕ್ರಾಂತಿಗೆ ಮುನ್ನ ಊರೂರುಗಳ ಶ್ರದ್ಧಾಕೇಂದ್ರಗಳನ್ನು ಶುಚಿಗೊಳಿಸುವ ಸೇವೆಯೂ ನಡೆದುಬಂದಿದೆ.

ಇಷ್ಟಾದರೂ ಕಸವೇಕೆ ಕರಗಿಲ್ಲ? ಕಾನೂನು ಕಣ್ಣಿರುವಲ್ಲಿ ಮಾತ್ರ ನಡೆಯುತ್ತದೆ. ನಿರ್ಜನ ತಿರುವಿನಲ್ಲಿ ಅದಕ್ಕೆ ಕಣ್ಣಿಲ್ಲ. ಅದಕ್ಕೂ ಮಿಗಿಲಾಗಿ, ವಸ್ತುವು ಕೈಬಿಟ್ಟೊಡನೆ ಅದರ ಹೊಣೆಯೂ ಕಳಚಿತೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. 2019ರ ಮಳೆಗಾಲದಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಎಸೆದವರು ಎಂದೋ ಮರೆತದ್ದು ಏನೂ ಅರಿಯದವರ ಬದುಕನ್ನು ಆವರಿಸಿತು.

ಈ ಭ್ರಮೆಗೆ ಜಿನಧರ್ಮದಲ್ಲಿ ಸ್ಪಷ್ಟವಾದ ಉತ್ತರವಿದೆ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ದೇಹದ ಮಲವನ್ನು ವಿಸರ್ಜಿಸುವಾಗಲೂ ಮುನಿಗಳು ಸ್ಥಳವನ್ನು ನಿರುಕಿಸಿ ನೋಡಬೇಕು. ಅದು ಜೀವಜಂತುಗಳಿಲ್ಲದ, ಪರರಿಗೆ ಬಾಧೆಯಾಗದ ನೆಲವಾಗಿರಬೇಕು. ನಡೆಯುವುದು, ನುಡಿಯುವುದು, ಉಣ್ಣುವುದು, ವಸ್ತುವನ್ನು ಎತ್ತಿಡುವುದು ಇವುಗಳ ಸಾಲಿನಲ್ಲಿಯೇ ಬಿಸುಡುವ ಕ್ರಿಯೆಗೂ ಸ್ಥಾನ ದೊರೆತಿರುವುದು ಗಮನಾರ್ಹ. ಪಡೆಯುವುದಕ್ಕೆ ಎಷ್ಟು ಎಚ್ಚರ ಬೇಕೋ ತೊರೆಯುವುದಕ್ಕೂ ಅಷ್ಟೇ ಎಚ್ಚರ ಬೇಕು.

ಇದು ಮುನಿಧರ್ಮ, ಗೃಹಸ್ಥರಿಗೆ ಅನ್ವಯಿಸದು ಎನ್ನುವಂತಿಲ್ಲ. ಪ್ರಮಾದದಿಂದ ಪ್ರಾಣಗಳಿಗೆ ಉಂಟಾಗುವ ಘಾತವೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿಲುವು. ಶ್ರಾವಕರ ಗುಣವ್ರತಗಳಲ್ಲೊಂದಾದ ಅನರ್ಥದಂಡವಿರತಿಯು ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳನ್ನು ಪೀಡಿಸುವ ‘ಪ್ರಮಾದಚರ್ಯೆ’ಯನ್ನು ನಿಷೇಧಿಸುತ್ತದೆ. ಹಳ್ಳಕ್ಕೆ ಎಸೆದ ಚೀಲವು ಜಲಕಾಯ ಜೀವಗಳಿಗೂ, ಹಿತ್ತಲಲ್ಲಿ ಸುಟ್ಟ ಪ್ಲಾಸ್ಟಿಕ್ ವಾಯುಕಾಯ ಜೀವಗಳಿಗೂ ಮಾಡುವ ಘಾತ ಇದೇ. ಊಟದ ಎಂಜಲಿನೊಡನೆ ಚೀಲವನ್ನೂ ನುಂಗುವ ಹಸುವಿನ ಸಂಕಟವನ್ನಂತೂ ಬಣ್ಣಿಸಬೇಕಿಲ್ಲ. ಸಂಜೆಯೊಳಗೆ ಉಂಡು ಸೂಕ್ಷ್ಮಜೀವಿಗಳನ್ನು ಉಳಿಸುವ ನಾವು, ಬೆಳಗ್ಗೆ ಬಿಸುಟ ಕಸದಿಂದ ಪಂಚೇಂದ್ರಿಯ ಜೀವಿಯನ್ನು ಕೊಲ್ಲುವುದಾದರೆ ವ್ರತಕ್ಕೆ ಅರ್ಥವೇನು?

ಆತ್ಮಾವಲೋಕನ ನಮ್ಮ ಉತ್ಸವಗಳಿಂದಲೇ ಆರಂಭವಾಗಲಿ. ಫಲ್ಗುಣಿಯ ದಡದ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ಪ್ರತಿಷ್ಠಾಪಿಸಿದ ಬಾಹುಬಲಿಗೆ 2024ರಲ್ಲಿ ಮಹಾಮಸ್ತಕಾಭಿಷೇಕ ನೆರವೇರಿತು. ಗೆದ್ದ ರಾಜ್ಯವನ್ನೇ ತೊರೆದು, ಮೈಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತ ತ್ಯಾಗಮೂರ್ತಿ ಅವನು. ಅವನ ದರ್ಶನಕ್ಕೆ ಹೋಗುವ ನಾವು ನೀರಿನ ಬಾಟಲಿಯನ್ನು ದಾರಿಯಲ್ಲಿ ಬಿಟ್ಟು ಬರುವುದು ತ್ಯಾಗವಲ್ಲ, ಪ್ರಮಾದ. ಆರಾಧನೆ, ಪಂಚಕಲ್ಯಾಣಗಳ ಸಂದರ್ಭದಲ್ಲಿ ಅಭಿಷೇಕದ ಹಾಲನ್ನು ಪಾತ್ರೆಯಲ್ಲಿ ತರಬಹುದು. ಊಟಕ್ಕೆ ಸ್ಟೀಲಿನ ಬಟ್ಟಲನ್ನೋ ಬಾಳೆಲೆಯನ್ನೋ ಬಳಸಬಹುದು. ಪೂಜೆಯ ಹೂವನ್ನು ಗೊಬ್ಬರವಾಗಿಸಬಹುದು. ಬಸದಿಯ ಅಂಗಳವನ್ನು ಗುಡಿಸಿದ ಕಸ ಕೊನೆಗೆ ಎಲ್ಲಿ ಸೇರುತ್ತದೆಂದು ಆಡಳಿತ ಸಮಿತಿಯವರು ಒಮ್ಮೆ ವಿಚಾರಿಸಬಹುದು.

ಮನೆಯಲ್ಲಿ ಮಾಡಬಹುದಾದುದೂ ಕಠಿಣವೇನಲ್ಲ. ಒಣ ಕಸವನ್ನು ತೊಳೆದು ಒಣಗಿಸಿ ಕೊಟ್ಟರೆ ವಿಂಗಡಿಸುವ ಸಹೋದರಿಯ ಕೈಗೆ ಕೊಳೆತದ್ದು ತಾಗದು. ವಾಹಿನಿಗೆ ಸಲ್ಲಿಸಬೇಕಾದ ತಿಂಗಳ ಅಲ್ಪ ಶುಲ್ಕಕ್ಕೆ ಚೌಕಾಸಿ ಮಾಡದಿರುವುದೂ ಧರ್ಮವೇ. ಇವೆಲ್ಲಕ್ಕೂ ಮೊದಲು ಬೇಕಾದುದು ಪರಿಗ್ರಹ ಪರಿಮಾಣ: ಕೊಳ್ಳುವುದಕ್ಕೆ ಮಿತಿಯಿದ್ದರೆ ಎಸೆಯುವುದಕ್ಕೂ ತಾನಾಗಿ ಮಿತಿ ಬರುತ್ತದೆ.

ಸರಕಾರ ವಾಹನವನ್ನು ಕೊಡಬಹುದು, ದಂಡವನ್ನು ವಿಧಿಸಬಹುದು. ಯಾರೂ ಕಾಣದ ತಿರುವಿನಲ್ಲಿ ಎತ್ತಿದ ಕೈಯನ್ನು ತಡೆಯಬೇಕಾದುದು ನಮ್ಮೊಳಗಿನ ಎಚ್ಚರ. ಆ ಎಚ್ಚರಕ್ಕೇ ಪೂರ್ವಾಚಾರ್ಯರು ಸಮಿತಿ ಎಂದು ಹೆಸರಿಟ್ಟರು.