ರಾಹುಕಾಲವಿಲ್ಲದ ಕ್ಯಾಲೆಂಡರ್

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಬಳಗದ ಹೆಸರಿನಲ್ಲಿ ಗೋಡೆ ಕ್ಯಾಲೆಂಡರ್ ಮಾಡಿಸಿ ವಿಜಯಪುರ, ತಿಕೋಟಾ, ಬಬಲೇಶ್ವರದ ಶರಣರ ಮನೆಗಳಿಗೆ ಹಂಚಬೇಕೆಂದು ತೀರ್ಮಾನವಾಯಿತು. ನಾನು ನಿವೃತ್ತ ಎಂಜಿನಿಯರ್. ಕೈಯಲ್ಲಿ ಸಮಯವಿದೆ, ಲೆಕ್ಕಪತ್ರ ಗೊತ್ತಿದೆ ಎಂದು ಆ ಕೆಲಸವನ್ನು ನನಗೇ ಒಪ್ಪಿಸಿದರು. ನಗರದ ಒಂದು ಪ್ರೆಸ್ಸಿಗೆ ಹೋದೆ. ಅವರು ಶಿವಕಾಶಿಯಿಂದ ಬಂದ ನಮೂನೆಗಳ ದಪ್ಪ ಕಟ್ಟನ್ನು ಮುಂದಿಟ್ಟರು. ಬಸವಣ್ಣನವರ ಚಿತ್ರವಿದ್ದದ್ದನ್ನು ಆರಿಸಿದೆ, ಕೆಳಗೆ ಬಳಗದ ಹೆಸರು ಹಾಕಲು ಹೇಳಿದೆ, ಮುಂಗಡ ಕೊಟ್ಟು ಬಂದೆ. ಹತ್ತು ನಿಮಿಷದ ಕೆಲಸ. ಒಳಗಿನ ಚೌಕಗಳಲ್ಲಿ ಏನು ಅಚ್ಚಾಗಿದೆ ಎಂದು ನೋಡಲೇ ಇಲ್ಲ. ಸೇವೆಯಲ್ಲಿದ್ದಾಗ ಟೇಪು ಹಿಡಿದು ನೋಡದೆ ಅಳತೆ ಪುಸ್ತಕಕ್ಕೆ ಸಹಿ ಹಾಕದವನು ನಾನು. ಇಲ್ಲಿ ಮಾತ್ರ ಕಣ್ಣು ಮುಚ್ಚಿ ಸಹಿ ಹಾಕಿದ್ದೆ.

ಹೊಸ ವರ್ಷಕ್ಕೆ ಹಂಚಿದೆವು. ಜನವರಿ ಕೊನೆಗೆ ತಿಕೋಟಾದ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಮಗಳು ಡಿಪ್ಲೊಮಾ ಮುಗಿಸಿದ್ದಳು. ಹಿಂದಿನ ಸೋಮವಾರ ಬೆಳಿಗ್ಗೆ 9ಕ್ಕೆ ವಿಜಯಪುರದಲ್ಲಿ ಅಪ್ರೆಂಟಿಸ್ ಕೆಲಸಕ್ಕೆ ಸಂದರ್ಶನವಿತ್ತು. ಏನಾಯಿತವ್ವಾ ಎಂದು ಕೇಳಿದರೆ ಹುಡುಗಿ ತಲೆ ತಗ್ಗಿಸಿದಳು. ಅಜ್ಜಿ ಉತ್ತರ ಕೊಟ್ಟರು: "ಎಂಟರ ಬಸ್ಸಿಗೆ ಹೊಂಟಿದ್ಲ್ರಿ ಸಾಹೇಬ್ರ. ರಾಹುಕಾಲ ಐತಿ, ಒಂಬತ್ತ ಆಗ್ಲಿ ತಡಿ ಅಂತ ನಾನ ಕೂಡ್ಸಿದೆ. ನೀವ ಕೊಟ್ಟ ಕ್ಯಾಲೆಂಡರನ್ಯಾಗ ಬರದೈತಲ್ರಿ." ಬೆರಳು ಮಾಡಿ ತೋರಿಸಿದರು. ಬಸವಣ್ಣನವರ ಚಿತ್ರದ ಕೆಳಗೆ, ನಮ್ಮ ಬಳಗದ ಹೆಸರಿನ ಮೇಲೆ, ಸೋಮವಾರದ ಸಾಲಿನಲ್ಲಿ ಸ್ಪಷ್ಟವಾಗಿ ಇತ್ತು: ರಾಹುಕಾಲ 7.30ರಿಂದ 9.00. ಒಂಬತ್ತೂಕಾಲಿನ ಬಸ್ಸು ಹತ್ತಿ ಹುಡುಗಿ ಹೋಗುವಷ್ಟರಲ್ಲಿ ಹೆಸರು ಕೂಗಿ ಮುಗಿದಿತ್ತು. ಆ ಅವಕಾಶ ಮತ್ತೆ ಬರಲಿಲ್ಲ.

ಅಜ್ಜಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ನಮ್ಮನ್ನು ನಂಬಿದ್ದರು. ಬಸವಣ್ಣನವರ ಹೆಸರಿದ್ದ ಕಾಗದವನ್ನು ನಂಬಿದ್ದರು. ಮುಹೂರ್ತ, ರಾಶಿಕೂಟಗಳನ್ನು ತಮ್ಮ ವಚನದಲ್ಲಿ ನೇರವಾಗಿ ತಳ್ಳಿಹಾಕಿದ ಮಹಾನುಭಾವರು ಅವರು. ಅವರು ಹುಟ್ಟಿದ ಜಿಲ್ಲೆಯಲ್ಲೇ, ಅವರ ಚಿತ್ರದ ಅಡಿಯಲ್ಲೇ, ಅವರ ಅನುಯಾಯಿಗಳೆನಿಸಿಕೊಂಡ ನಾವೇ ದುಡ್ಡು ಕೊಟ್ಟು ರಾಹುಕಾಲವನ್ನು ಮನೆಮನೆಗೆ ಮುಟ್ಟಿಸಿದ್ದೆವು.

ಆ ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಿ, ಸೋಮವಾರದ ಎರಡನೆಯ ಭಾಗವನ್ನು ರಾಹುಕಾಲ ಎನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಅಚ್ಚಾಗುವುದು 6ಕ್ಕೆ ಹುಟ್ಟಿ 6ಕ್ಕೆ ಮುಳುಗುವ ಸೂರ್ಯನ ಲೆಕ್ಕ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ವಿಜಯಪುರ ಇರುವುದು ಸುಮಾರು 75.7ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಸುಮಾರು 27 ನಿಮಿಷ ತಡ. ಜನವರಿ ನಡುವೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 7ಕ್ಕೆ, ಮುಳುಗುವುದು 6.13ರ ಆಸುಪಾಸು. ಎಂಟರಲ್ಲಿ ಒಂದು ಭಾಗ ಎಂದರೆ 84 ನಿಮಿಷ. ಅಂದರೆ ಅವರದೇ ನಿಯಮದ ಪ್ರಕಾರ ಸೋಮವಾರದ ರಾಹುಕಾಲ ಸುಮಾರು 8.23ರಿಂದ 9.47. ಅಜ್ಜಿ ತಪ್ಪಿಸಿದ ಎಂಟರ ಬಸ್ಸು ರಾಹುಕಾಲದ ಹೊರಗಿತ್ತು, ಹತ್ತಿಸಿದ ಒಂಬತ್ತೂಕಾಲಿನ ಬಸ್ಸು ಒಳಗಿತ್ತು!

ಇದನ್ನು ಹೇಳುವುದು ರಾಹುಕಾಲವನ್ನು ತಿದ್ದಿ ಸರಿಯಾಗಿ ಅಚ್ಚು ಹಾಕಿ ಎಂದಲ್ಲ. ರಾಹು ಎಂಬ ಗ್ರಹವೇ ಇಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಒಂದು ಬಿಂದು ಅದು. ತನ್ನ ಲೆಕ್ಕಕ್ಕೇ ನಿಲ್ಲದ ಸಂಗತಿಗೆ ಹೆದರಿ ನಾವು ಬದುಕಿನ ಬಸ್ಸು ತಪ್ಪಿಸಿಕೊಳ್ಳುತ್ತಿದ್ದೇವೆ ಎಂಬುದಷ್ಟೇ ನನ್ನ ಮಾತು.

ಮರುವರ್ಷ ಅಕ್ಟೋಬರಿನಲ್ಲೇ ಅದೇ ಪ್ರೆಸ್ಸಿಗೆ ಹೋದೆ. ಈ ಸಲ ಸಿದ್ಧ ನಮೂನೆ ಬೇಡ, ನಾವೇ ಬರೆದುಕೊಡುತ್ತೇವೆ ಎಂದೆ. ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಮೂರೂ ಇರಬಾರದು ಎಂದೆ. ಪ್ರೆಸ್ಸಿನ ಮಾಲೀಕರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಸರ, ರಾಹುಕಾಲ ಇಲ್ಲದ ಕ್ಯಾಲೆಂಡರ್ ಯಾರ ಮನ್ಯಾಗ ತೂಗಹಾಕ್ತಾರ್ರಿ? ದುಡ್ಡ ದಂಡ ಆಗ್ತೈತಿ ನೋಡ್ರಿ." ಅವರ ಮಾತಿನಲ್ಲಿ ಕಪಟವಿರಲಿಲ್ಲ. ಗಿರಾಕಿ ಕೇಳಿದ್ದನ್ನು ಅಚ್ಚು ಹಾಕುವುದು ಅವರ ಕಾಯಕ. ಸರಿಯಾದದ್ದನ್ನು ಕೇಳುವುದು ನಮ್ಮ ಕೆಲಸವಾಗಿತ್ತು.

ಸ್ವಂತ ಕ್ಯಾಲೆಂಡರ್ ಮಾಡಿಸುವ ಮಠ, ಬಳಗಗಳಿಗೆ ನಾನು ಕಲಿತ ಕೆಲವು ಸಂಗತಿ ಹೇಳುತ್ತೇನೆ. ಖರ್ಚಿನ ದೊಡ್ಡ ಭಾಗ ಪ್ಲೇಟುಗಳದ್ದು. ಪ್ರತಿ ಬಣ್ಣಕ್ಕೂ ಒಂದೊಂದು ಪ್ಲೇಟು ಬೇಕು. ಹನ್ನೆರಡು ಪುಟ ನಾಲ್ಕು ಬಣ್ಣದಲ್ಲಾದರೆ 48, ಒಂದು ಪ್ಲೇಟಿನಲ್ಲಿ ಎರಡು ಪುಟ ಕೂಡಿಸಿದರೂ 24. ನಾವು ಮುಖಪುಟಕ್ಕೆ ಮಾತ್ರ ನಾಲ್ಕು ಬಣ್ಣ ಇಟ್ಟು, ತಿಂಗಳ ಪುಟಗಳನ್ನು ಕಪ್ಪು ಮತ್ತು ಕೆಂಪಿನಲ್ಲಿ ಮುಗಿಸಿದೆವು. ಒಟ್ಟು 16 ಪ್ಲೇಟು. ನೂರು ಪ್ರತಿ ಹಾಕಿದರೂ ಸಾವಿರ ಹಾಕಿದರೂ ಪ್ಲೇಟಿನ ಖರ್ಚು ಅಷ್ಟೇ. ಆದ್ದರಿಂದ ಎರಡು ಮೂರು ಬಳಗಗಳು ಕೂಡಿ ಮಾಡಿಸುವುದು ಲೇಸು.

ಪ್ರೂಫ್ ನೋಡುವುದನ್ನು ಯಾರಿಗೂ ಬಿಡಬೇಡಿ. ನಾವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ್ದು ಅವರ ಹಳೆಯ ಫಾಂಟಿಗೆ ಬದಲಾಗುವಾಗ ಅರ್ಕಾವೊತ್ತುಗಳು ಜಾಗ ತಪ್ಪಿದ್ದವು. ಹಳೆಯ ಚೌಕಟ್ಟನ್ನೇ ನಕಲು ಮಾಡಿದ್ದರಿಂದ ಒಂದು ತಿಂಗಳು ತಪ್ಪು ವಾರದಿಂದ ಶುರುವಾಗಿತ್ತು. ಅದಕ್ಕೊಂದು ಸುಲಭ ಪರೀಕ್ಷೆ ಇದೆ: ಯಾವ ವರ್ಷವೇ ಇರಲಿ, ಏಪ್ರಿಲ್ ಮತ್ತು ಜುಲೈ ಒಂದೇ ವಾರದಿಂದ ಶುರುವಾಗಬೇಕು. ಅಧಿಕ ವರ್ಷವಲ್ಲದಿದ್ದರೆ ಜನವರಿ ಮತ್ತು ಅಕ್ಟೋಬರ್ ಕೂಡ ಹಾಗೆಯೇ. ಎರಡನೆಯ ಪ್ರೂಫಿನಲ್ಲಿ ಜುಲೈ ಪುಟದ ಮೂಲೆಯಲ್ಲಿ ರಾಹುಕಾಲ ಮತ್ತೆ ಕುಳಿತಿತ್ತು. ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ.

ಬಳಗದೊಳಗೇ ಒಂದು ವಾದವೆದ್ದಿತು. ಇಬ್ಬರು ತರುಣರು, ಹಾಗಾದರೆ ಅಮಾವಾಸ್ಯೆ ಹುಣ್ಣಿಮೆ ಯಾಕೆ, ಅವನ್ನೂ ತೆಗೆಯಿರಿ ಎಂದರು. ನಾನು ಒಪ್ಪಲಿಲ್ಲ. ಅಮಾವಾಸ್ಯೆ ಹುಣ್ಣಿಮೆ ಆಕಾಶದಲ್ಲಿ ಕಣ್ಣಿಗೆ ಕಾಣುತ್ತವೆ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎಳ್ಳ ಅಮಾವಾಸ್ಯೆ, ಇವು ಒಕ್ಕಲುತನದ ಹಬ್ಬಗಳು. ಎತ್ತಿಗೆ, ಮಣ್ಣಿಗೆ, ಬೆಳೆಗೆ ಮನುಷ್ಯ ಹೇಳುವ ಕೃತಜ್ಞತೆ. ಕಾಲವನ್ನು ತೋರಿಸುವುದು ಬೇರೆ, ಕಾಲದ ಹೆಸರಿನಲ್ಲಿ ಹೆದರಿಸುವುದು ಬೇರೆ. ಮೊದಲನೆಯದು ಇರಲಿ, ಎರಡನೆಯದು ಹೋಗಲಿ ಎಂದು ಕೊನೆಗೆ ಎಲ್ಲರೂ ಒಪ್ಪಿದರು.

ಖಾಲಿಯಾದ ಜಾಗದಲ್ಲಿ ಏನು ಹಾಕಿದೆವು? ನಾಗರ ಪಂಚಮಿಯ ಚೌಕದಲ್ಲಿ 'ಬಸವ ಪಂಚಮಿ, ಮಕ್ಕಳಿಗೆ ಹಾಲು' ಎಂದು ಹಾಕಿದೆವು. ಜುಲೈ 2ರ ಚೌಕದಲ್ಲಿ ಫ.ಗು. ಹಳಕಟ್ಟಿಯವರ ಜನ್ಮದಿನ. ಏಪ್ರಿಲ್-ಮೇ ಸುಮಾರಿಗೆ ಬರುವ ಬಸವ ಜಯಂತಿಯನ್ನು ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಶುರು ಮಾಡಿದರು. ಅಕ್ಷಯ ತೃತೀಯವೂ ಅದೇ ದಿನ. ಮುಹೂರ್ತ ನೋಡಬೇಕಿಲ್ಲವೆಂದು ಆ ದಿನ ಮದುವೆಗಳ ಸಾಲೇ ಇರುತ್ತದೆ, ಅದರ ಮರೆಯಲ್ಲಿ ಬಾಲ್ಯವಿವಾಹಗಳೂ ನುಸುಳುತ್ತವೆ. ಆ ಚೌಕದಲ್ಲಿ 'ಹುಡುಗಿಗೆ 18, ಹುಡುಗನಿಗೆ 21. ಮಕ್ಕಳ ಸಹಾಯವಾಣಿ 1098' ಎಂದು ಹಾಕಿದೆವು. ಬಸವಣ್ಣನವರಿಗೆ ಇದಕ್ಕಿಂತ ದೊಡ್ಡ ಪೂಜೆ ನನಗೆ ತೋಚಲಿಲ್ಲ.

ಉಳಿದ ಚೌಕಗಳನ್ನು ಖಾಲಿ ಬಿಟ್ಟೆವು. ಮುಖ್ಯವಾದದ್ದು ಇದೇ. ನಮ್ಮ ಮನೆಗಳ ಹೆಣ್ಣುಮಕ್ಕಳು ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘದ ಕಂತು ಬರೆಯುತ್ತಾರೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಚಾಟ್ನಿ ಮಾಡಿದ ದಿನದಿಂದ ಎಣಿಸುತ್ತ ಔಷಧ ಹೊಡೆದ ದಿನ ಗುರುತು ಹಾಕುತ್ತಾರೆ. ಮಿರುಗುವ ಆರ್ಟ್ ಪೇಪರಿನ ಮೇಲೆ ಪೆನ್ನು ಜಾರುತ್ತದೆ. ಅದಕ್ಕೇ ತಿಂಗಳ ಪುಟಗಳಿಗೆ ಸಾದಾ ಮ್ಯಾಪ್‌ಲಿಥೊ ಕಾಗದ ತೆಗೆದುಕೊಂಡೆವು. ದರವೂ ಕಡಿಮೆ. ದಿನದ ಚೌಕ ಆ ಮನೆಯವರ ಕಾಯಕಕ್ಕೆ ಮೀಸಲಾಯಿತು.

ಒಬ್ಬ ರಾಜಕಾರಣಿ ಪೂರ್ತಿ ಖರ್ಚು ಕೊಡುತ್ತೇನೆ, ನನ್ನ ಭಾವಚಿತ್ರ ಇರಲಿ ಎಂದು ಹೇಳಿಕಳಿಸಿದರು. ಶರಣು ಹೇಳಿ ಬಿಟ್ಟೆವು. ಬಳಗದವರೇ ಕೂಡಿ ದಾಸೋಹವಾಗಿ ಹಣ ಹಾಕಿದೆವು.

ಫಲ ಏನಾಯಿತು? ಪ್ರೆಸ್ಸಿನವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಬಬಲೇಶ್ವರದಲ್ಲಿ ನಾನೇ ಮನೆಮನೆ ಸುತ್ತಿದೆ. ಕೆಲವರು ನಮ್ಮದನ್ನು ಬಾಗಿಲ ಹಿಂದೆ ಹಾಕಿ, ರಾಹುಕಾಲವಿದ್ದದ್ದನ್ನು ಪಡಸಾಲೆಯಲ್ಲಿ ಇಟ್ಟಿದ್ದರು. ಒಬ್ಬ ಹಿರಿಯರು, "ನಿಮ್ಮದು ಅರ್ಧಾ ಕ್ಯಾಲೆಂಡರ್ ಆತ್ರಿ" ಎಂದು ವಾಪಸ್ಸೇ ಕೊಟ್ಟರು. ಆದರೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲೇ ಹಾಲಿನ ಲೆಕ್ಕ ತುಂಬಿತ್ತು. ಈ ವರ್ಷ ಆ ಮನೆಗಳಿಂದಲೇ "ಬರಿಯಾಕ ಬರೂ ಕ್ಯಾಲೆಂಡರ್ ಬಂತೇನ್ರಿ?" ಎಂಬ ವಿಚಾರಣೆ ಬಂತು. ತಿಕೋಟಾದ ಆ ಅಜ್ಜಿಯ ಮನೆಯಲ್ಲಿ ನಮ್ಮದು ಪಡಸಾಲೆಗೇ ಬಂದಿದೆ. ಅವರು ರಾಹುಕಾಲ ಬಿಟ್ಟಿದ್ದಾರೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ಮೊಮ್ಮಗಳು ಪರೀಕ್ಷೆಯ ದಿನಗಳಿಗೆ ಪೆನ್ನಿನಿಂದ ಸುತ್ತು ಹಾಕಿದ್ದನ್ನು ಕಂಡೆ, ಅಷ್ಟು ಸಾಕೆನಿಸಿತು.

ನಾವು ಯಾವ ಊರಿನವರು ಎಂಬುದನ್ನು ನೆನೆಯಬೇಕು. ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ ಸೇರಿಸಿದ ಹಳಕಟ್ಟಿಯವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಬೇಕಾಯಿತು. ಹೀಗೆ ಪರಸ್ಥಳದ ಅಚ್ಚುಕೂಟ ನಂಬಿ ಕೂಡಲಾಗದೆ 1925ರಲ್ಲಿ ಇದೇ ಊರಿನಲ್ಲಿ 'ಹಿತಚಿಂತಕ' ಮುದ್ರಣಾಲಯ ತೆರೆದರು, ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅಚ್ಚಾದ ಅಕ್ಷರಕ್ಕೆ ಎಂಥ ಬಲವಿದೆ ಎಂದು ಬಲ್ಲವರು ಅವರು. ಅವರು ಅಚ್ಚಿನಿಂದ ವಚನ ಉಳಿಸಿದರು. ನಾವು ಅದೇ ಅಚ್ಚಿನಿಂದ, ಅದೇ ಊರಿನಲ್ಲಿ, ವಚನಕ್ಕೆ ವಿರುದ್ಧವಾದದ್ದನ್ನು ಹಂಚುವುದು ತರವೇ?

ಮಠಾಧೀಶರಲ್ಲಿ, ಬಳಗದ ಹಿರಿಯರಲ್ಲಿ ನನ್ನದು ಒಂದೇ ಬಿನ್ನಹ. ವೇದಿಕೆಯ ಮೇಲೆ ನಾವು ಮೂಢನಂಬಿಕೆಯ ವಿರುದ್ಧ ಒಂದು ತಾಸು ಮಾತಾಡುತ್ತೇವೆ. ನಮ್ಮ ಹೆಸರಿನ ಕ್ಯಾಲೆಂಡರ್ 365 ದಿನ ಗೋಡೆಯ ಮೇಲಿದ್ದು ಮಾತಾಡುತ್ತದೆ. ಮುಂದಿನ ಅಕ್ಟೋಬರಿನಲ್ಲಿ ಪ್ರೆಸ್ಸಿಗೆ ಹೋಗುವಾಗ ಚಿತ್ರವೊಂದನ್ನೇ ನೋಡದೆ ಚೌಕಗಳನ್ನೂ ಓದಿ. ಕೆಂಪು ಪೆನ್ನೊಂದು ಜೇಬಿನಲ್ಲಿರಲಿ.